ನಿಂತುಹೋದ ಡಸ್ಟರ್, ಮೂಡಿಗೆರೆಯ ಏರುದಾರಿ: ಒಂದು ಸೆಕೆಂಡ್ ಹ್ಯಾಂಡ್ ಖರೀದಿಯ ಪೂರ್ತಿ ಲೆಕ್ಕ

ತಯಾರಿಕೆ ನಿಂತ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬಹುದಾ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ನಿಂತಿದ್ದು ಯಾವುದು? ಮಾಡೆಲ್ಲಾ, ಎಂಜಿನ್ನಾ, ಕಂಪನಿಯಾ? ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿ ಶೆವರ್ಲೆ ಮಾರಾಟವನ್ನೇ ಬಿಟ್ಟಿತು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಮಹೀಂದ್ರದ ಎಕ್ಸ್‌ಯುವಿ500 ಕೂಡ 2021ರಲ್ಲೇ ನಿಂತಿತು, ಆದರೆ ಮಹೀಂದ್ರ ಸರ್ವಿಸ್ ಸೆಂಟರ್ ಬಹುತೇಕ ಕಡೆ ಇದೆ. ಮೂರನ್ನೂ ‘ನಿಂತುಹೋದ ಕಾರು’ ಎಂದು ಒಂದೇ ಸಾಲಿಗೆ ಸೇರಿಸಿದರೆ ಕೊಳ್ಳುವವನಿಗೆ ನಷ್ಟ. ಕೆಲವೊಮ್ಮೆ ಒಳ್ಳೆ ಗಾಡಿ ಕೈ ತಪ್ಪುತ್ತದೆ, ಕೆಲವೊಮ್ಮೆ ಕೆಟ್ಟ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಮನೆಗೆ ಬರುತ್ತದೆ.

ಇದು ರೆನೋ ಡಸ್ಟರ್ ಕಥೆ. ಕೊಂಡವನು ನನ್ನ ಚಿಕ್ಕಪ್ಪನ ಮಗ, ನನಗೆ ತಮ್ಮ. ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ, ಜೊತೆಗೆ ಮೆಣಸು. ಗಾಡಿ ಹುಡುಕುವುದರಿಂದ ಹಿಡಿದು ಒಂದು ಮಳೆಗಾಲ ಓಡಿಸುವವರೆಗೆ ನಾನು ಜೊತೆಗಿದ್ದೆ. ಬೆಲೆ, ಚೌಕಾಸಿ, ರಿಪೇರಿ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ, ಏಕೆಂದರೆ ಇಂಥ ಲೆಕ್ಕ ಪೂರ್ತಿಯಾಗಿ ಎಲ್ಲೂ ಸಿಗುವುದಿಲ್ಲ.

ಅಗತ್ಯ ಏನಿತ್ತು

ಅವರ ಮನೆ ಗುಡ್ಡದ ಮೇಲಿದೆ. ಪಂಚಾಯಿತಿಯ ಕಾಂಕ್ರೀಟ್ ರಸ್ತೆ ಹಳ್ಳದ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಮೇಲಕ್ಕೆ ಕೆಮ್ಮಣ್ಣಿನ ಏರು, ನಡುವೆ ಒಂದು ಚೂಪಾದ ತಿರುವು. ಬೇಸಿಗೆಯಲ್ಲಿ ಯಾವ ಕಾರೂ ಹತ್ತುತ್ತದೆ. ಜೂನ್ ಬಂತೆಂದರೆ ಆ ತಿರುವಿನಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ, ಗಾಡಿ ಕದಲುವುದಿಲ್ಲ. ಪಕ್ಕದ ತೋಟದವರು ತಮ್ಮ ಹೊಸ ಎಸ್‌ಯುವಿಯನ್ನು ಮಳೆಗಾಲವಿಡೀ ಹಳ್ಳದ ಹತ್ತಿರ ಶೆಡ್ಡಿನಲ್ಲಿ ನಿಲ್ಲಿಸಿ ಕೊಡೆ ಹಿಡಿದು ನಡೆದು ಹತ್ತುತ್ತಾರೆ. ಅದು ಮುಂದಿನ ಚಕ್ರ ಮಾತ್ರ ಎಳೆಯುವ ಗಾಡಿ.

ತೋಟದಲ್ಲಿ ಹಳೇ ಜೀಪ್ ಇದೆ. ಎಲ್ಲಿ ಬೇಕಾದರೂ ಹತ್ತುತ್ತದೆ. ಆದರೆ ಚಿಕ್ಕಪ್ಪನಿಗೆ ಮಂಡಿ ಆಪರೇಷನ್ ಆಗಿದೆ, ಚಿಕ್ಕಮ್ಮನಿಗೆ ಬೆನ್ನು ನೋವು. ಹಾಸನದ ಆಸ್ಪತ್ರೆಗೆ ಜೀಪಿನಲ್ಲಿ ಹೋಗಿ ಬಂದರೆ ಎರಡು ದಿನ ಮಲಗಬೇಕಾಗುತ್ತದೆ. ಬೆಂಗಳೂರಿಗೂ ಆಗಾಗ ಓಡಾಟ ಇದೆ. ಹಾಗಾಗಿ ಬೇಕಿದ್ದದ್ದು ಹೆದ್ದಾರಿಯಲ್ಲಿ ಆರಾಮಾಗಿ ಓಡುವ, ಮಳೆಯಲ್ಲಿ ಮನೆ ಅಂಗಳಕ್ಕೆ ಹತ್ತುವ ಒಂದೇ ಗಾಡಿ. ಬಜೆಟ್ 7 ಲಕ್ಷ, ರಿಪೇರಿ ಸೇರಿ.

ಹೊಸದರಲ್ಲಿ ಆ ದುಡ್ಡಿಗೆ ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿ, ಸಿಗುವುದಿಲ್ಲ. ಹಳೆಯದರಲ್ಲಿ ಟಾಟಾ ಹೆಕ್ಸಾ ಕಣ್ಣಿಗೆ ಬಿತ್ತು. ಒಳ್ಳೆ ಗಾಡಿ, ಆದರೆ ಆ ತಿರುವಿಗೆ ಉದ್ದ ಜಾಸ್ತಿ. ಡಸ್ಟರ್ 4,315 ಮಿ.ಮೀ. ಉದ್ದ. ಎಡಬದಿಯ ಧರೆಗೆ ತಾಗದಂತೆ ಒಂದೇ ಸಲಕ್ಕೆ ತಿರುಗುತ್ತದೆ. ಇದನ್ನು ಟೇಪ್ ಹಿಡಿದು ಅಳೆದೇ ತೀರ್ಮಾನಿಸಿದೆವು.

ಯಾವ ಡಸ್ಟರ್?

ಡಸ್ಟರ್ ಇಲ್ಲಿ 2012ರ ಜುಲೈನಲ್ಲಿ ಬಂತು, ಚೆನ್ನೈ ಹತ್ತಿರದ ಒರಗಡಂ ಕಾರ್ಖಾನೆಯಿಂದ. 1.5 ಲೀಟರ್ ಡೀಸೆಲ್ ಎರಡು ರೂಪದಲ್ಲಿತ್ತು, 85 ಪಿಎಸ್ ಮತ್ತು 110 ಪಿಎಸ್ (ಪಿಎಸ್ ಅಂದರೆ ಎಂಜಿನ್ ಶಕ್ತಿಯ ಅಳತೆ). 2014ರಲ್ಲಿ 110 ಪಿಎಸ್ ಎಂಜಿನ್ ಜೊತೆ ಆಲ್ ವೀಲ್ ಡ್ರೈವ್ ಬಂತು. 2016ರಲ್ಲಿ ಮುಖ ಬದಲಾಯಿತು. 2020ರ ಬಿಎಸ್6 ಹೊಗೆ ನಿಯಮದ ಹೊತ್ತಿಗೆ ಡೀಸೆಲ್ ಹೋಯಿತು, ಅದರ ಜೊತೆಗೇ ಆಲ್ ವೀಲ್ ಡ್ರೈವ್ ಕೂಡ. ಆಮೇಲೆ ಪೆಟ್ರೋಲ್ ಮಾತ್ರ ಉಳಿಯಿತು. 2022ರ ಆರಂಭದ ಹೊತ್ತಿಗೆ ಆ ಪೀಳಿಗೆಯೇ ಮುಗಿಯಿತು.

ತಮ್ಮ ಮೊದಲು ತೋರಿಸಿದ್ದು ಎರಡು ಬೇರೆ ಗಾಡಿ. ಒಂದು 2020ರ 1.3 ಟರ್ಬೊ ಪೆಟ್ರೋಲ್ ಆಟೋಮ್ಯಾಟಿಕ್. 156 ಪಿಎಸ್ ಶಕ್ತಿ, ಓಡಿಸಲು ಬಹಳ ಚೆಂದ. ಆದರೆ ಎಳೆಯುವುದು ಮುಂದಿನ ಚಕ್ರ ಮಾತ್ರ. ಅಲ್ಲದೆ ರೆನೋ, ನಿಸಾನ್ ಕಾರುಗಳ ಪೈಕಿ ಇಲ್ಲಿ ಆ ಎಂಜಿನ್ ಆಗ ಬಂದದ್ದು ಇದರಲ್ಲಿ ಮತ್ತು ನಿಸಾನ್ ಕಿಕ್ಸ್‌ನಲ್ಲಿ, ಎರಡೂ ನಿಂತಿವೆ. ಈಗ ಬಂಕಿನಲ್ಲಿ ಸಿಗುವುದು 20% ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್, ಅದಕ್ಕೆ ಹೊಂದುವ ಭಾಗಗಳು ಕಾರುಗಳಲ್ಲಿ ಕಡ್ಡಾಯವಾಗಿ ಬಂದದ್ದು 2023ರಿಂದ. ಅಷ್ಟರಲ್ಲಿ ಡಸ್ಟರ್ ಮುಗಿದಿತ್ತು. ಬೇಡ ಅಂದೆ.

ಇನ್ನೊಂದು ದೆಹಲಿ ನೋಂದಣಿಯ 2015ರ ಡೀಸೆಲ್. ಬೆಲೆ ಕೇಳಿದರೆ ಯಾರಿಗಾದರೂ ಆಸೆಯಾಗಬೇಕು, ಅಷ್ಟು ಕಡಿಮೆ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ಇದ್ದುದರಿಂದ ಅಲ್ಲಿಯ ಗಾಡಿಗಳು ದಕ್ಷಿಣಕ್ಕೆ ಇಳಿದು ಬರುತ್ತಿದ್ದವು. ಆದರೆ ಅಲ್ಲಿಂದ ಎನ್‌ಒಸಿ ತರಬೇಕು, ಇಲ್ಲಿ ಲೈಫ್ ಟೈಮ್ ಟ್ಯಾಕ್ಸ್ ಹೊಸದಾಗಿ ಕಟ್ಟಬೇಕು, ಹೊಸ ನಂಬರ್ ಪಡೆಯಬೇಕು. ಇಷ್ಟೆಲ್ಲಾ ಸೇರಿಸಿದ ಮೇಲೆ ಉಳಿತಾಯ ಎನ್ನುವುದು ಉಳಿಯುವುದಿಲ್ಲ. ಆ ಗಾಡಿ ಅಲ್ಲಿ ಹೇಗೆ ಓಡಿತ್ತು ಎಂದು ಕೇಳಲು ನಮಗೆ ಅಲ್ಲಿ ಯಾರೂ ಇಲ್ಲ. ಅದನ್ನೂ ಬಿಟ್ಟೆವು.

ಮೂರನೆಯದು ಬೆಂಗಳೂರಿನ 2017ರ ಮಾರ್ಚ್ ನೋಂದಣಿಯ 110 ಪಿಎಸ್ ಆಲ್ ವೀಲ್ ಡ್ರೈವ್. ಒಬ್ಬರೇ ಮಾಲೀಕರು, 92,000 ಕಿ.ಮೀ., ಕೇಳಿದ ಬೆಲೆ 6.75 ಲಕ್ಷ. ಮುಂದಿನದೆಲ್ಲಾ ಇದರ ಮೇಲೆ.

ನೋಡುವ ಮೊದಲು ಬಿಡಿಭಾಗದ ಲೆಕ್ಕ

ಹಾಸನದಲ್ಲಿ ನಮಗೆ ಪರಿಚಯದ ಒಬ್ಬ ಮೆಕ್ಯಾನಿಕ್ ಇದ್ದಾರೆ. ಗಾಡಿ ನೋಡಲು ಹೋಗುವ ಮೊದಲು ಅವರ ಹತ್ತಿರ ಕೂತೆವು. ಡಸ್ಟರ್ ಅಂದ ಕೂಡಲೇ ಅವರು ನಕ್ಕರು. “ಆ ಎಂಜಿನ್ನಿನ ಸಾಮಾನು ನಿಂತಿಲ್ಲ ಸಾರ್. ಮಹೀಂದ್ರ ವೆರಿಟೊ ಟ್ಯಾಕ್ಸಿ ಇತ್ತಲ್ಲ, ಅದರಲ್ಲೂ ಇದೇ. ನಾನು ಎಷ್ಟು ಬಿಚ್ಚಿದ್ದೀನೋ ಲೆಕ್ಕ ಇಟ್ಟಿಲ್ಲ” ಅಂದರು.

ಅವರು ಹೇಳಿದ್ದು ಸರಿ. ಈ 1.5 ಡೀಸೆಲ್ ಎಂಜಿನ್ ರೆನೋದ ಕೆ9ಕೆ. ಲೋಗನ್, ವೆರಿಟೊ, ನಿಸಾನ್ ಸನ್ನಿ, ಮೈಕ್ರಾ, ಟೆರಾನೊ, ರೆನೋ ಲಾಜಿ ಎಲ್ಲದರಲ್ಲೂ ಇದರದೇ ಒಂದಲ್ಲ ಒಂದು ರೂಪ ಇತ್ತು. ಫಿಲ್ಟರ್, ಬೆಲ್ಟ್, ವಾಟರ್ ಪಂಪ್, ಗ್ಯಾಸ್ಕೆಟ್‌ಗೆ ಪರದಾಡಬೇಕಾಗಿಲ್ಲ. ಬ್ರೇಕ್ ಪ್ಯಾಡ್, ಮುಂದಿನ ಸಸ್ಪೆನ್ಷನ್ನಿನ ಲಿಂಕ್ ರಾಡ್, ಬುಷ್ ಹೊರಗಿನ ಅಂಗಡಿಯಲ್ಲೂ ಸಿಗುತ್ತವೆ, ಟೆರಾನೊ ಇದರ ಅವಳಿ ಆದ್ದರಿಂದ. ರೆನೋ ಕಂಪನಿಯೂ ಇಲ್ಲೇ ಇದೆ, ಕ್ವಿಡ್, ಟ್ರೈಬರ್, ಕೈಗರ್ ಮಾರುತ್ತಿದೆ. ಡಸ್ಟರ್ ಹೆಸರಿನ ಹೊಸ ಪೀಳಿಗೆ ಬಂದರೂ ಅದರ ತಳಪಾಯ ಬೇರೆ. ಹೊಸದರ ಭಾಗ ಹಳೆಯದಕ್ಕೆ ಕೂರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮುಂದಿನದು ಬಾಡಿ. ಹೆಡ್‌ಲೈಟ್, ಬಂಪರ್, ಗ್ರಿಲ್, ಹಿಂದಿನ ಲೈಟ್ ಇವೆಲ್ಲ ವರ್ಷಕ್ಕೆ ತಕ್ಕಂತೆ ಬದಲಾಗಿವೆ. 2016ರ ನಂತರದ ಮುಖಕ್ಕೆ 2013ರ ಗ್ರಿಲ್ ಆಗುವುದಿಲ್ಲ. ಗುದ್ದಿಕೊಂಡರೆ ಕಾಯಬೇಕು.

ಮೆಕ್ಯಾನಿಕ್ ಮುಖ ಗಂಭೀರ ಮಾಡಿದ್ದು ಆಲ್ ವೀಲ್ ಡ್ರೈವ್ ಮಾತು ಬಂದಾಗ. ಗೇರ್ ಬಾಕ್ಸಿನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್, ಶಕ್ತಿಯನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್, ಅದರ ಮುಂದೆ ಶಾಫ್ಟನ್ನು ಅದಕ್ಕೆ ಬೇಕಾದಾಗ ಜೋಡಿಸುವ ಕಪ್ಲಿಂಗ್, ಮಾಮೂಲಿ ಡಸ್ಟರ್‌ನಲ್ಲಿ ಇಲ್ಲದ ಮಲ್ಟಿ ಲಿಂಕ್ ಹಿಂದಿನ ಸಸ್ಪೆನ್ಷನ್. ಇವು ಟೆರಾನೊದಲ್ಲಿ ಇಲ್ಲ, ಲಾಜಿಯಲ್ಲಿ ಇಲ್ಲ, ವೆರಿಟೊದಲ್ಲಂತೂ ಇಲ್ಲವೇ ಇಲ್ಲ. 2014ರಿಂದ ಬಿಎಸ್6 ಬರುವವರೆಗೆ ಮಾರಾಟವಾದ ಆ ಒಂದು ಮಾದರಿಗೆ ಮಾತ್ರ ಸೇರಿದವು.

ಇಡೀ ಪ್ರಕರಣದ ಗಂಟು ಇದೇ. ಯಾವ ಕಾರಣಕ್ಕೆ ತಮ್ಮನಿಗೆ ಈ ಗಾಡಿ ಬೇಕಿತ್ತೋ, ಅದೇ ಭಾಗ ಸಿಗುವುದು ಕಷ್ಟ. ಎಂಜಿನ್ ಬಗ್ಗೆ ಹೆದರಬೇಕಾಗಿಲ್ಲ. ಹಿಂದಿನ ಆಕ್ಸಲ್ ಬಗ್ಗೆ ಹೆದರಬೇಕು. ಹಾಗಾಗಿ ನೋಡುವಾಗ ಹೊಳಪು, ಸೀಟ್, ಮ್ಯೂಸಿಕ್ ಸಿಸ್ಟಮ್ ಎಲ್ಲಾ ಬಿಟ್ಟು ಹಿಂದಿನ ಅರ್ಧಕ್ಕೆ ಜಾಸ್ತಿ ಹೊತ್ತು ಕೊಡಬೇಕು ಎಂದು ತೀರ್ಮಾನಿಸಿದೆವು. “ಗುಡ್ಡ ಇಲ್ಲದವನಿಗೆ ನಾನು ಇದನ್ನು ಹೇಳೋದೇ ಇಲ್ಲ ಸಾರ್, 85ರದ್ದು ತಗೋ ಅಂತೀನಿ” ಅಂದರು ಮೆಕ್ಯಾನಿಕ್. ನನ್ನ ಅಭಿಪ್ರಾಯವೂ ಅದೇ. 85 ಪಿಎಸ್ ಗಾಡಿ ಕಡಿಮೆ ಆರ್‌ಪಿಎಂನಲ್ಲೂ ಸಲೀಸಾಗಿ ಎಳೆಯುತ್ತದೆ, ಊರೊಳಗೆ ಓಡಿಸಲು ಅದೇ ಹಿತ. 205 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇದೆ, ನಮ್ಮ ಹಳ್ಳಿ ರಸ್ತೆಗಳಲ್ಲಿ ಬಹುತೇಕ ಕಡೆ ಅದೇ ಸಾಕು. ತಮ್ಮನ ತಿರುವಿಗೆ ಮಾತ್ರ ಸಾಲದು.

ಗಾಡಿಯ ಮುಂದೆ

ಮಾಲೀಕರಿಗೆ ಹಿಂದಿನ ದಿನವೇ ಹೇಳಿದ್ದೆವು: ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ. ಹೋಗಿ ಮೊದಲು ಬಾನೆಟ್ ಮೇಲೆ ಕೈ ಇಟ್ಟೆವು, ತಣ್ಣಗಿತ್ತು. ಡೀಸೆಲ್ ಗಾಡಿಯ ನಿಜ ಗೊತ್ತಾಗುವುದು ತಣ್ಣಗಿರುವಾಗ. ಅರ್ಧ ಸುತ್ತಿಗೇ ಸ್ಟಾರ್ಟ್ ಆಯಿತು. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ, ನೀಲಿ ಹೊಗೆ ಇಲ್ಲ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದೆವು. ಒಳಗಿನಿಂದ ಹೊಗೆ ರಭಸವಾಗಿ ನುಗ್ಗಲಿಲ್ಲ. ಎಂಜಿನ್ ಗಟ್ಟಿ ಇದೆ.

ಕ್ಲಚ್ ಭಾರ. ಈ ಗಾಡಿಯಲ್ಲಿ ಅದು ಹೊಸದರಲ್ಲೇ ಸ್ವಲ್ಪ ಭಾರ, ಆದರೆ ಇದು ಅದಕ್ಕಿಂತ ಜಾಸ್ತಿ ಅನ್ನಿಸಿತು. ನಿಂತಲ್ಲೇ ಕ್ಲಚ್ ಒತ್ತಿ ಬಿಟ್ಟಾಗ ಸಣ್ಣ ಕಟಕಟ ಶಬ್ದ ಬದಲಾಗುತ್ತಿತ್ತು. ಇದು ಡ್ಯುಯಲ್ ಮಾಸ್ ಫ್ಲೈವೀಲ್, ಅಂದರೆ ಎಂಜಿನ್ ಮತ್ತು ಕ್ಲಚ್ ನಡುವಿನ ಭಾರದ ಚಕ್ರ, ಸವೆಯುತ್ತಿರುವ ಲಕ್ಷಣ ಇರಬಹುದು. ಓಡಿಸಿದಾಗ ಸ್ಲಿಪ್ ಆಗಲಿಲ್ಲ. ಅಂದರೆ ಈಗಲೇ ಬದಲಿಸಬೇಕಿಲ್ಲ, ಆದರೆ ಸರದಿ ಬರುತ್ತಿದೆ. ಕ್ಲಚ್ ಸೆಟ್ ಮತ್ತು ಫ್ಲೈವೀಲ್ ಒಟ್ಟಿಗೆ ಹಾಕಿದರೆ ಅರ್ಧ ಲಕ್ಷ ದಾಟುತ್ತದೆ ಎಂದು ಮೆಕ್ಯಾನಿಕ್ ಮೊದಲೇ ಹೇಳಿದ್ದರು.

ಟೆಸ್ಟ್ ಡ್ರೈವ್‌ನಲ್ಲಿ 2,000 ಆರ್‌ಪಿಎಂ ಹತ್ತಿರ ಟರ್ಬೊ ಎದ್ದು ಎಳೆಯಿತು. 110 ಪಿಎಸ್‌ನಲ್ಲಿ ಅಲ್ಲಿಯವರೆಗೆ ಸ್ವಲ್ಪ ಮಂದ, ಆಮೇಲೆ ಒಂದೇ ಸಲಕ್ಕೆ ಪಿಕಪ್. ಆ ಎಳೆತವೇ ಬರದಿದ್ದರೆ ಇಂಟರ್‌ಕೂಲರ್ ಪೈಪ್ ಒಡೆದಿರಬಹುದು ಅಥವಾ ಟರ್ಬೊ ಸೋತಿರಬಹುದು. ರಸ್ತೆಯ ಗುಂಡಿಗೆ ಇಳಿದಾಗ ಸ್ಟೀರಿಂಗ್ ಕೈಗೆ ಒದೆಯುತ್ತದೆ, ಅದು ಈ ಗಾಡಿಯ ಗುಣ, ದೋಷ ಅಲ್ಲ. ಮುಂದಿನ ಎಡಚಕ್ರದ ಕಡೆ ಟಕ್ ಟಕ್ ಬರುತ್ತಿದ್ದದ್ದು ಮಾತ್ರ ಲಿಂಕ್ ರಾಡ್.

ಈಗ ಟೈರ್. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮಾಲೀಕರು ಹೆಮ್ಮೆಯಿಂದ ತೋರಿಸಿದ್ದು ಮುಂದಿನ ಎರಡು ಹೊಚ್ಚ ಹೊಸ ಟೈರ್. “ಹೋದ ತಿಂಗಳಷ್ಟೇ ಹಾಕಿಸಿದ್ದು ಸರ್, ನಿಮಗೆ ಖರ್ಚೇ ಇಲ್ಲ.” ತಮ್ಮನಿಗೂ ಖುಷಿಯಾಯಿತು. ನಾನು ಹಿಂದಕ್ಕೆ ಹೋಗಿ ಕೂತು ನೋಡಿದೆ. ಹಿಂದಿನ ಎರಡೂ ಬೇರೆ ಕಂಪನಿಯವು. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಯ ಗುರುತು ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿತ್ತು. ಅಂದರೆ 2019ರ 23ನೇ ವಾರ. ಟೈರಿನ ಹಲ್ಲುಗಳು ಸವೆದು ಗುರುತಿನ ಗೆರೆಗೆ ಬಂದಿದ್ದವು.

ಮಾಮೂಲಿ ಕಾರಿನಲ್ಲಿ ಇದು ದೊಡ್ಡ ವಿಷಯ ಅಲ್ಲ. ಆಲ್ ವೀಲ್ ಡ್ರೈವ್‌ನಲ್ಲಿ ದೊಡ್ಡ ವಿಷಯ. ಇದರ ಕಪ್ಲಿಂಗ್ ವಿದ್ಯುತ್ತಿನಿಂದ ಕೆಲಸ ಮಾಡುತ್ತದೆ. ‘ಆಟೊ’ದಲ್ಲಿ ಇಟ್ಟಾಗ ನಾಲ್ಕೂ ಚಕ್ರದ ವೇಗವನ್ನು ನೋಡುತ್ತಾ, ಮುಂದಿನವು ಜಾಸ್ತಿ ಸುತ್ತುತ್ತಿವೆ ಅನ್ನಿಸಿದರೆ ಹಿಂದಿನ ಚಕ್ರಕ್ಕೂ ಶಕ್ತಿ ಕಳಿಸುತ್ತದೆ. ‘ಲಾಕ್’ ಹಾಕಿದರೆ ಮುಂದೆ ಹಿಂದೆ ಅರ್ಧ ಅರ್ಧ. ಈಗ ಮುಂದಿನ ಟೈರ್ ಹೊಸದು, ಹಿಂದಿನದು ಸವೆದಿದ್ದರೆ ಸುತ್ತಳತೆಯೇ ಬೇರೆಯಾಯಿತು. ನೇರ ರಸ್ತೆಯಲ್ಲೂ ಎರಡು ಆಕ್ಸಲ್ ಬೇರೆ ಬೇರೆ ವೇಗದಲ್ಲಿ ಸುತ್ತುತ್ತವೆ. ಆ ವ್ಯತ್ಯಾಸವನ್ನೆಲ್ಲಾ ನುಂಗಬೇಕಾದದ್ದು ಕಪ್ಲಿಂಗ್. ಅದು ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ. ಅದೇ ಭಾಗ ತಾನೇ ಸಿಗುವುದು ಕಷ್ಟ?

ಹಾಗಾಗಿ ಆ ಎರಡು ಹೊಸ ಟೈರ್ ನಮ್ಮ ಲೆಕ್ಕದಲ್ಲಿ ಲಾಭ ಆಗಲಿಲ್ಲ, ಖರ್ಚಾಯಿತು. ನಾಲ್ಕೂ ಒಂದೇ ಕಂಪನಿಯ, ಒಂದೇ ಮಾದರಿಯ 215/65 ಆರ್16 ಹಾಕಬೇಕು. ಒಂದು ತಿಂಗಳು ಮಾತ್ರ ಹಾಗೆ ಓಡಿರುವುದರಿಂದ ಕಪ್ಲಿಂಗ್‌ಗೆ ಹಾನಿ ಆಗಿರಲಾರದು ಅನ್ನಿಸಿತು. ಆದರೂ ಕಣ್ಣಾರೆ ನೋಡದೆ ಹಾಗೆ ನಂಬುವಂತಿಲ್ಲ.

ನೈಸ್ ರಸ್ತೆಯಾಚೆ ಹೊಸ ಲೇಔಟ್ ಒಂದರಲ್ಲಿ ಜಲ್ಲಿ ರಾಶಿ ಹಾಕಿದ್ದರು. ಅದರ ಅಂಚಿಗೆ ಗಾಡಿ ಒಯ್ದು ಮೊದಲು ‘2ಡಬ್ಲ್ಯುಡಿ’ಯಲ್ಲಿ ಹತ್ತಿಸಿದೆವು. ಮುಂದಿನ ಚಕ್ರ ಜಲ್ಲಿ ಎರಚಿ ಹೂತುಕೊಂಡಿತು, ಗಾಡಿ ನಿಂತಿತು. ಅಲ್ಲೇ ನಾಬ್ ತಿರುಗಿಸಿ ‘ಲಾಕ್’ಗೆ ಹಾಕಿದೆವು. ನಾನು ಹೊರಗೆ ನಿಂತು ಹಿಂದಿನ ಚಕ್ರವನ್ನೇ ನೋಡುತ್ತಿದ್ದೆ. ಮೊದಲ ಗೇರ್‌ನಲ್ಲಿ ಕ್ಲಚ್ ಬಿಡುತ್ತಿದ್ದಂತೆ ಹಿಂದಿನ ಎರಡೂ ಚಕ್ರ ಹಿಡಿದು ತಳ್ಳಿದವು, ಗಾಡಿ ನಿಧಾನಕ್ಕೆ ರಾಶಿ ಹತ್ತಿತು. ಈ ಗಾಡಿಯಲ್ಲಿ ಲೋ ರೇಂಜ್, ಅಂದರೆ ಕಡಿದಾದ ಏರಿಗೆ ಬೇಕಾದ ನಿಧಾನದ ಬೇರೆ ಗೇರ್, ಇಲ್ಲ. ಅದರ ಬದಲು ಮೊದಲ ಗೇರನ್ನೇ ಬಹಳ ಗಿಡ್ಡ ಮಾಡಿದ್ದಾರೆ, 1,000 ಆರ್‌ಪಿಎಂಗೆ ಗಂಟೆಗೆ 6 ಕಿ.ಮೀ.ಗೂ ಕಡಿಮೆ ವೇಗ. ಏರಿನಲ್ಲಿ ಇದು ಎಷ್ಟು ಅನುಕೂಲ ಎಂದು ಓಡಿಸಿದವರಿಗೇ ಗೊತ್ತು.

ಲಾಕ್ ಹಾಕಿಕೊಂಡು ಗಟ್ಟಿ ಡಾಂಬರಿನ ಮೇಲೆ ಪೂರ್ತಿ ಸ್ಟೀರಿಂಗ್ ತಿರುಗಿಸಿ ಪರೀಕ್ಷೆ ಮಾಡಬಾರದು. ಗಾಡಿ ಬಿಗಿದುಕೊಂಡಂತಾಗುತ್ತದೆ, ಶಾಫ್ಟಿಗೆ ಒತ್ತಡ. ಸಡಿಲ ಮಣ್ಣು ಅಥವಾ ಜಲ್ಲಿಯ ಮೇಲೇ ನೋಡಬೇಕು.

ಆಮೇಲೆ ಹತ್ತಿರದ ಗ್ಯಾರೇಜಿನಲ್ಲಿ ದುಡ್ಡು ಕೊಟ್ಟು ಲಿಫ್ಟ್ ಮೇಲೆ ಎತ್ತಿಸಿದೆವು. ಹಿಂದಿನ ಡಿಫರೆನ್ಷಿಯಲ್ ಸುತ್ತ ಎಣ್ಣೆ ಜಿನುಗಿರಲಿಲ್ಲ, ಧೂಳು ಒಣಗಿಯೇ ಇತ್ತು. ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಆಟ ಇಲ್ಲ. ಹಿಂದಿನ ಲಿಂಕ್‌ಗಳ ಬುಷ್‌ನಲ್ಲಿ ಸಣ್ಣ ಬಿರುಕು, ಹರಿದಿರಲಿಲ್ಲ. ತಳದಲ್ಲಿ ಕಲ್ಲಿಗೆ ತಾಗಿದ ಗಾಯ ಇರಲಿಲ್ಲ. ಇದು ಕಾಡು ಸುತ್ತಿದ ಗಾಡಿ ಅಲ್ಲ.

ಕಾಗದ ಹೇಳಿದ ವಿಷಯ

“ಒಂದು ಸಣ್ಣ ಗೀರೂ ಆಗಿಲ್ಲ ಸರ್” ಎಂದಿದ್ದರು ಮಾಲೀಕರು. ಅವರ ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ 25% ಎಂದಿತ್ತು. ಈ ಬೋನಸ್ ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20, ಎರಡಕ್ಕೆ 25, ಆಮೇಲೆ 35, 45, ಐದನೇ ವರ್ಷಕ್ಕೆ 50% ಆಗುತ್ತದೆ. ಎಂಟು ವರ್ಷ ಏನೂ ಆಗಿಲ್ಲ ಅಂದರೆ 50% ಇರಬೇಕಿತ್ತು. 25% ಇದೆ ಅಂದರೆ ಅದಕ್ಕೂ ಹಿಂದಿನ ವರ್ಷ ಏನೋ ಕ್ಲೇಮ್ ಆಗಿದೆ, ಅಥವಾ ಪಾಲಿಸಿ ನಡುವೆ ತಪ್ಪಿಹೋಗಿದೆ. ಮೆತ್ತಗೆ ಕೇಳಿದೆ. ತುಮಕೂರು ರಸ್ತೆಯಲ್ಲಿ ಹಸು ಅಡ್ಡ ಬಂದು ಬಂಪರ್, ರೇಡಿಯೇಟರ್, ಎಸಿ ಕಂಡೆನ್ಸರ್ ಹೋಗಿತ್ತು ಎಂದು ಹೇಳಿ ಬಿಲ್ ತೆಗೆದು ಕೊಟ್ಟರು. ಬಾನೆಟ್ ಒಳಗಿನ ಬೋಲ್ಟ್‌ಗಳಲ್ಲಿ ಸ್ಪ್ಯಾನರ್ ಗುರುತು ಇದ್ದದ್ದು ಅಲ್ಲಿ ಮಾತ್ರ, ಚಾಸಿ ನೆಟ್ಟಗಿತ್ತು. ಬಿಲ್ಲಿಗೂ ಗಾಡಿಗೂ ತಾಳೆಯಾಯಿತು. ನನಗೆ ಈ ಗಾಡಿಯ ಮೇಲೆ ನಂಬಿಕೆ ಜಾಸ್ತಿಯಾಗಿದ್ದು ಆಗಲೇ. ಪಾಲಿಸಿಯ ಆ ಒಂದು ಸಾಲನ್ನು ಓದದೆ ಯಾರೂ ಹಳೇ ಕಾರು ಕೊಳ್ಳಬಾರದು. ಬೋನಸ್ ಮಾತ್ರ ಹಳೇ ಮಾಲೀಕರ ಜೊತೆಗೇ ಹೋಗುತ್ತದೆ, ಕೊಂಡವನಿಗೆ ಸಿಗುವುದಿಲ್ಲ.

ಟೈಮಿಂಗ್ ಬೆಲ್ಟ್ ವಿಷಯದಲ್ಲಿ ಹಾಗಾಗಲಿಲ್ಲ. “60,000ದ ಸರ್ವಿಸ್‌ನಲ್ಲಿ ಎಲ್ಲಾ ಮಾಡಿಸಿದ್ದೀನಿ” ಎಂದರು. ಬಿಲ್ ಸಾಲು ಸಾಲಾಗಿ ಓದಿದೆವು. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಇತ್ತು, ಬೆಲ್ಟ್ ಇರಲಿಲ್ಲ. ಈ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ವಾಲ್ವ್ ಪಿಸ್ಟನ್‌ಗೆ ಬಡಿದು ಹೆಡ್ಡೇ ಬಿಚ್ಚಬೇಕಾಗುತ್ತದೆ. ಎಂಟು ವರ್ಷದ ರಬ್ಬರ್ ಬೆಲ್ಟ್‌ನ ಮೇಲೆ ಚಾರ್ಮಾಡಿ ಘಾಟಿ ಇಳಿಯುವುದು ಬೇಡ. ಬಿಲ್ ಇಲ್ಲ ಅಂದರೆ ಬದಲಾಗಿಲ್ಲ ಎಂದೇ ಲೆಕ್ಕ.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇತ್ತು. ಸಾಲ ತೀರಿ ವರ್ಷಗಳಾಗಿದ್ದರೂ ತೆಗೆಸಿರಲಿಲ್ಲ. ಬ್ಯಾಂಕ್ ಎನ್‌ಒಸಿ ಮತ್ತು ಫಾರ್ಮ್ 35 ಕೊಟ್ಟು ಅದನ್ನು ಮೊದಲು ತೆಗೆಸಿ, ಆಮೇಲೆ ಪೂರ್ತಿ ದುಡ್ಡು ಎಂದೆವು. ಟ್ರಾಫಿಕ್ ದಂಡ ಬಾಕಿ ಇದ್ದದ್ದನ್ನು ಅವರೇ ಕಟ್ಟಿದರು. ಫಾರ್ಮ್ 29, 30 ಸಹಿ ಆಯಿತು. ರಾಜ್ಯದೊಳಗಿನ ವರ್ಗಾವಣೆ ಆದ್ದರಿಂದ ಹೊಸ ನಂಬರೂ ಇಲ್ಲ, ಹೊಸ ತೆರಿಗೆಯೂ ಇಲ್ಲ. ಇನ್ಶೂರೆನ್ಸ್ 14 ದಿನದೊಳಗೆ ತಮ್ಮನ ಹೆಸರಿಗೆ ಮಾಡಿಸಿದೆವು.

ಏರ್‌ಬ್ಯಾಗ್ ಬಗ್ಗೆ ಒಂದು ಮಾತು. 2017ರಲ್ಲಿ ಕಾರುಗಳನ್ನು ಗುದ್ದಿಸಿ ಸುರಕ್ಷತೆ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಡಸ್ಟರ್ ಪರೀಕ್ಷಿಸಿದಾಗ ಏರ್‌ಬ್ಯಾಗ್ ಇಲ್ಲದ ಬೇಸ್ ಮಾದರಿಗೆ ಸೊನ್ನೆ ಸ್ಟಾರ್ ಬಂತು, ಚಾಲಕನ ಏರ್‌ಬ್ಯಾಗ್ ಇದ್ದದ್ದಕ್ಕೆ ಮೂರು. ಹೆಸರು ಒಂದೇ, ಆಕಾರ ಒಂದೇ, ಒಳಗೆ ಇಷ್ಟು ವ್ಯತ್ಯಾಸ. ಆದ್ದರಿಂದ ಸ್ಟೀರಿಂಗ್ ಮೇಲೂ ಡ್ಯಾಶ್‌ಬೋರ್ಡ್ ಮೇಲೂ ಏರ್‌ಬ್ಯಾಗ್ ಗುರುತು ಇದೆಯಾ, ಕೀ ಹಾಕಿದಾಗ ಅದರ ದೀಪ ಹತ್ತಿ ಆರುತ್ತದಾ ಎಂದು ನೋಡಲೇಬೇಕು. ದೀಪ ಹತ್ತದೇ ಇದ್ದರೂ ಅನುಮಾನ ಪಡಬೇಕು. ಈ ಗಾಡಿಯಲ್ಲಿ ಎರಡೂ ಇದ್ದವು, ಜಾರುವಾಗ ಗಾಡಿಯನ್ನು ಹಿಡಿತದಲ್ಲಿಡುವ ಇಎಸ್‌ಪಿ ಕೂಡ ಇತ್ತು. ವಯಸ್ಸಾದವರನ್ನು ಕೂರಿಸಿಕೊಂಡು ಹೋಗುವ ಗಾಡಿ, ಇವು ಇಲ್ಲದಿದ್ದರೆ ಬೆಲೆ ಎಷ್ಟೇ ಇಳಿದರೂ ನಾನು ಒಪ್ಪುತ್ತಿರಲಿಲ್ಲ.

ಬೆಲೆ ಕೂಡಿದ ಬಗೆ

ನಾಲ್ಕು ಟೈರ್ 34,000. ಟೈಮಿಂಗ್ ಬೆಲ್ಟ್ ಕಿಟ್, ವಾಟರ್ ಪಂಪ್, ಕೂಲಿ ಸೇರಿ 15,000. ಎಂಜಿನ್, ಗೇರ್ ಬಾಕ್ಸ್, ಹಿಂದಿನ ಡಿಫರೆನ್ಷಿಯಲ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಎಲ್ಲಾ ಬದಲಿಸಲು 12,000. ಮುಂದಿನ ಲಿಂಕ್ ರಾಡ್, ಬುಷ್ 10,000. ಬ್ಯಾಟರಿ 7,000. ಒಟ್ಟು 78,000. ಇದು ಕೊಂಡ ಮೊದಲ ತಿಂಗಳೇ ಆಗಬೇಕಾದದ್ದು. ಕ್ಲಚ್ ಮತ್ತು ಫ್ಲೈವೀಲ್ ಮುಂದಿನದು, ಆದರೆ ಅರ್ಧ ಆಯಸ್ಸು ಅವರು ಓಡಿಸಿ ಮುಗಿಸಿದ್ದಾರೆ, ಅದರ ಅರ್ಧ 27,000. ಸೇರಿ 1.05 ಲಕ್ಷ.

ಹಾಳೆಯ ಮೇಲೆ ಬರೆದು ಮಾಲೀಕರ ಮುಂದೆ ಇಟ್ಟೆವು. ಸುಮ್ನೆ “ಕಡಿಮೆ ಮಾಡಿ” ಅಂದರೆ ಯಾರೂ ಮಾಡುವುದಿಲ್ಲ. ಬಾಬ್ತು ಬಾಬ್ತಾಗಿ ತೋರಿಸಿದರೆ ಮಾತಿಗೆ ಬೆಲೆ ಬರುತ್ತದೆ. ಟೈರ್ ವಿಷಯಕ್ಕೆ ಅವರಿಗೆ ಬೇಜಾರಾಯಿತು. ಹೊಸ ಎರಡನ್ನು ಅವರೇ ಇಟ್ಟುಕೊಳ್ಳಲಿ ಎಂದೆವು. 5.70 ಕೇಳಿದೆವು, 5.85 ಲಕ್ಷಕ್ಕೆ ನಿಂತಿತು.

“ಅಣ್ಣಾ, ಉಳಿದಿದ್ದರಲ್ಲಿ ಒಳ್ಳೆ ಮ್ಯೂಸಿಕ್ ಸಿಸ್ಟಮ್ ಹಾಕಿಸ್ಲಾ?” ಅಂತ ತಮ್ಮ ಕೇಳಿದ. ಬೇಡ, ಅದಕ್ಕೆ ಇನ್ನಷ್ಟು ಸೇರಿಸಿ 60,000 ಕ್ಲಚ್‌ಗೆ ಅಂತ ಬೇರೆ ಅಕೌಂಟಿನಲ್ಲಿ ಇಡು, ಮುಟ್ಟಬೇಡ ಅಂದೆ. ಇಟ್ಟಿದ್ದಾನೆ. ನಿಂತುಹೋದ ಗಾಡಿ ಇಟ್ಟುಕೊಳ್ಳುವವರು ಆ ದುಡ್ಡನ್ನು ಗಾಡಿಯ ಬೆಲೆಯ ಭಾಗ ಅಂತಲೇ ಎಣಿಸಬೇಕು.

ಮಳೆಗಾಲ ಕಳೆದ ಮೇಲೆ

ಜುಲೈನಲ್ಲಿ ಆ ತಿರುವಿನಲ್ಲಿ ಕೆಸರು ಕಣಕಾಲಿನ ತನಕ ಇತ್ತು. ಕೆಳಗೇ ‘ಲಾಕ್’ ಹಾಕಿ, ಮೊದಲ ಗೇರ್‌ನಲ್ಲಿ, ಆಕ್ಸಿಲರೇಟರ್ ಜಾಸ್ತಿ ಒತ್ತದೆ ಹತ್ತುತ್ತಾನೆ. ಚಿಕ್ಕಪ್ಪ ಅಂಗಳದಲ್ಲೇ ಹತ್ತಿ ಅಂಗಳದಲ್ಲೇ ಇಳಿಯುತ್ತಾರೆ. ಹೆದ್ದಾರಿಯಲ್ಲಿ ಲೀಟರಿಗೆ 16ರ ಹತ್ತಿರ, ತೋಟದ ಓಡಾಟ ಸೇರಿದರೆ 13 ಕೊಡುತ್ತಿದೆ. ಹಿಂದಿನ ಡಿಫರೆನ್ಷಿಯಲ್ ಜಾಗ ತಿಂದಿರುವುದರಿಂದ ಡಿಕ್ಕಿ ಮಾಮೂಲಿ ಡಸ್ಟರ್‌ಗಿಂತ ಚಿಕ್ಕದು, 475 ಲೀಟರ್ ಬದಲು 410. ಮೆಣಸಿನ ಚೀಲಕ್ಕೆ ಜೀಪೇ ಸರಿ.

ಆಗಸ್ಟಿನಲ್ಲಿ ಒಂದು ದಿನ ಎಬಿಎಸ್ ದೀಪ ಹತ್ತಿತು, ಜೊತೆಗೆ ಆಲ್ ವೀಲ್ ಡ್ರೈವ್ ಕೆಲಸ ನಿಲ್ಲಿಸಿತು. ಫೋನ್ ಮಾಡಿದಾಗ ಅವನ ದನಿಯೇ ಉಡುಗಿತ್ತು. ಕಪ್ಲಿಂಗ್ ಹೋಯಿತು ಅಂದುಕೊಂಡಿದ್ದ. ಗಾಡಿ ಬಿಚ್ಚಿಸುವ ಮೊದಲು ಹಿಂದಿನ ಚಕ್ರಗಳ ಹತ್ತಿರದ ವೈರ್ ನೋಡು ಅಂದೆ. ಚಕ್ರದ ವೇಗ ಅಳೆಯುವ ಸೆನ್ಸರ್ ವೈರನ್ನು ಇಲಿ ಕಡಿದಿತ್ತು. ಆ ಸೆನ್ಸರ್ ಲೆಕ್ಕ ಬರದಿದ್ದರೆ ಕಪ್ಲಿಂಗ್‌ಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ಮೂಡಿಗೆರೆಯ ಆಟೊ ಎಲೆಕ್ಟ್ರಿಷಿಯನ್ ವೈರ್ ಜೋಡಿಸಿ ಪೈಪ್ ಹೊದಿಸಿದರು, 600 ರೂಪಾಯಿ. ಮಲೆನಾಡಿನಲ್ಲಿ ಗಾಡಿ ಇಟ್ಟವರು ದೀಪ ಹತ್ತಿದ ಕೂಡಲೇ ದೊಡ್ಡ ರಿಪೇರಿಗೆ ಒಪ್ಪುವ ಮೊದಲು ಇಲಿ ಕಡಿದಿದೆಯಾ ಎಂದು ನೋಡಬೇಕು.

ಆರ್‌ಸಿ 2032ರ ಮಾರ್ಚ್‌ವರೆಗೆ ಇದೆ. ಅಲ್ಲಿಯವರೆಗೆ ಹಿಂದಿನ ಆಕ್ಸಲ್ ಕೈಕೊಡದಿದ್ದರೆ ಇದು ಬಹಳ ಒಳ್ಳೆ ಖರೀದಿ. ಅದಕ್ಕೆ ಅವನು ಈಗ ಒಂದು ದಾರಿ ಹುಡುಕಿದ್ದಾನೆ. ಬೆಂಗಳೂರಿನಲ್ಲಿ ಗುಜರಿಗೆ ಬಂದ ಇದೇ ಮಾದರಿಯ ಗಾಡಿಯೊಂದಿದೆ. ಮುಂದಿನ ಭಾಗ ಪೂರ್ತಿ ಜಜ್ಜಿಹೋಗಿದೆ, ಹಿಂದೆ ಏನೂ ಆಗಿಲ್ಲ. ಕಪ್ಲಿಂಗ್, ಡಿಫರೆನ್ಷಿಯಲ್, ಪ್ರೊಪೆಲ್ಲರ್ ಶಾಫ್ಟ್ ಮೂರಕ್ಕೂ ಸೇರಿ 45,000 ಹೇಳಿದ್ದಾರೆ. 35,000ಕ್ಕೆ ಬಂದರೆ ತಂದು ಎಣ್ಣೆ ಸವರಿ, ಪ್ಲಾಸ್ಟಿಕ್ ಸುತ್ತಿ ಕಾಫಿ ಗೋದಾಮಿನ ಅಟ್ಟದಲ್ಲಿ ಇಟ್ಟುಬಿಡು, ತಡ ಮಾಡಬೇಡ ಎಂದು ಹೇಳಿದ್ದೇನೆ. ಮಾತುಕತೆ ನಡೆಯುತ್ತಿದೆ.